ಬೋಟಿ, ತಲೆ, ಕಾಲು, ಲಿವರ್: ಮೆನು ಕಾರ್ಡಿಗೆ ಏರಿಸುವ ಮುನ್ನ



ಹಲವು ವರ್ಷಗಳ ಹಿಂದಿನ ಮಾತು. ಮುಂಬಯಿ ಉಪನಗರದ ನಮ್ಮ ಹೋಟೆಲಿಗೆ ಮಂಡ್ಯ ಕಡೆಯ ಅಡುಗೆಯವರೊಬ್ಬರು ಬಂದು ಸೇರಿದ್ದರು. ನಾವು ಕರಾವಳಿಯವರು. ಮೀನು, ಕೋರಿ ರೊಟ್ಟಿ, ಸುಕ್ಕ ಎಂದರೆ ಕಣ್ಣು ಮುಚ್ಚಿಕೊಂಡು ಹೇಳಬಲ್ಲೆವು. ಮಿಲಿಟರಿ ಹೋಟೆಲಿನ ಅಡುಗೆ ಮಾತ್ರ ನನಗೆ ಹೊಸದು. ಅವರು ಒಂದು ಭಾನುವಾರ ಸ್ಟಾಫ್ ಊಟಕ್ಕೆಂದು ಕಡಲೆಕಾಳು ಹಾಕಿ ಮಾಡಿದ ಬೋಟಿ ಗೊಜ್ಜನ್ನು ತಿಂದು ನೋಡಿ, ಮರುವಾರವೇ ಮೆನು ಕಾರ್ಡಿನಲ್ಲಿ ‘ಬೋಟಿ ಫ್ರೈ’ ಎಂದು ಬರೆಸಿಬಿಟ್ಟೆ.

ಅದೇ ವಾರ ಉತ್ತರ ಭಾರತದ ಕುಟುಂಬವೊಂದು ಬಂತು. ಬೋಟಿ ಫ್ರೈ ಎರಡು ಪ್ಲೇಟ್ ತರಿಸಿದರು. ಒಂದು ತುತ್ತು ಬಾಯಿಗಿಟ್ಟ ಹಿರಿಯರು ಅದನ್ನು ಅಲ್ಲೇ ಉಗುಳಿ, ಇದೇನು ಕೊಟ್ಟಿದ್ದೀರಿ ಎಂದು ಕೂಗಾಡಿದರು. ತಪ್ಪು ಅವರದ್ದಲ್ಲ. ಹಿಂದಿ, ಉರ್ದುವಿನಲ್ಲಿ ಬೋಟಿ ಎಂದರೆ ಮಾಂಸದ ತುಂಡು. ಬೋಟಿ ಕಬಾಬ್ ಎಂದರೆ ಮೆತ್ತನೆಯ ಮಾಂಸದ ತುಂಡುಗಳ ಕಬಾಬ್. ನಮ್ಮ ಮೈಸೂರು ಕಡೆ ಬೋಟಿ ಎಂದರೆ ಜಠರ ಮತ್ತು ಕರುಳು. ಒಂದೇ ಪದ, ಎರಡು ಪದಾರ್ಥ. ಬಿಲ್ ಬಿಟ್ಟುಕೊಟ್ಟು, ಕ್ಷಮೆ ಕೇಳಿ ಕಳುಹಿಸಿದೆ. ಪರವೂರಿನಲ್ಲಿ ಈ ಪದಾರ್ಥಗಳನ್ನು ಮಾರುವವರಿಗೆ ಮೊದಲ ಪಾಠ ಅಡುಗೆಯದ್ದಲ್ಲ, ಹೆಸರಿನದ್ದು ಎಂದು ಅಂದು ಗೊತ್ತಾಯಿತು.

ಆದ್ದರಿಂದ ಊರೂರಿನ ಹೆಸರು ತಿಳಿದಿರಲಿ. ಮುಂಬಯಿ, ಪುಣೆಯಲ್ಲಿ ನಮ್ಮ ಬೋಟಿಗೆ ‘ವಜಡಿ’ ಎನ್ನುತ್ತಾರೆ. ತಲೆಮಾಂಸಕ್ಕೆ ‘ಮುಂಡಿ’, ಲಿವರಿಗೆ ‘ಕಲೇಜಿ’, ಮೆದುಳಿಗೆ ‘ಭೇಜಾ’, ಮೂತ್ರಪಿಂಡಕ್ಕೆ ‘ಗುರ್ದಾ’, ಬೀಜಕ್ಕೆ ‘ಕಪೂರಾ’. ಚೆನ್ನೈಯಲ್ಲಿ ಕರುಳು ‘ಕುಡಲ್’, ಲಿವರ್ ‘ಈರಲ್’, ಮೆದುಳು ‘ಮೂಳೈ’, ಗುಲ್ಮ ‘ಸುವರೊಟ್ಟಿ’. ಹೈದರಾಬಾದಿನಲ್ಲಿ ಬೋಟಿ ನಮ್ಮ ಅರ್ಥದಲ್ಲಿಯೇ ನಡೆಯುತ್ತದೆ, ತಲೆ ‘ತಲಕಾಯ’, ಲಿವರ್ ‘ಕಾರ್ಜಂ’. ಕಾಲು ಸೂಪಿಗೆ ‘ಪಾಯಾ’ ಎಂದರೆ ಬಹುತೇಕ ಎಲ್ಲ ಕಡೆ ತಿಳಿಯುತ್ತದೆ. ಕಾರ್ಡಿನಲ್ಲಿ ಊರಿನ ಹೆಸರು, ಕೆಳಗೆ ಒಂದು ಸಾಲಿನ ವಿವರಣೆ, ಯಾವ ಪ್ರಾಣಿಯದ್ದು ಎಂಬುದು, ಈ ಮೂರೂ ಇರಬೇಕು. ದೆಹಲಿಯ ಮಿತ್ರರಂತೂ ಬೋಟಿ ಎಂಬ ಪದವನ್ನೇ ಬಿಡುವುದು ಕ್ಷೇಮ.

ಪ್ರಾಣಿಯ ವಿಷಯ ಬಂದಾಗ ಒಂದು ಎಚ್ಚರಿಕೆ. ಮಹಾರಾಷ್ಟ್ರದಲ್ಲಿ 2015ರ ತಿದ್ದುಪಡಿಯ ನಂತರ ಹಸು ಮಾತ್ರವಲ್ಲ, ಹೋರಿ, ಎತ್ತುಗಳ ವಧೆಯೂ ನಿಷಿದ್ಧ. ಪಾಯಾ, ನಾಲಿಗೆ, ಜಠರ ಇವು ದೊಡ್ಡ ಪ್ರಾಣಿಯದ್ದೂ ಮಾರುಕಟ್ಟೆಗೆ ಬರುತ್ತವೆ, ಬೆಲೆಯೂ ಕಡಿಮೆ. ಆ ಆಸೆಗೆ ಬೀಳಬೇಡಿ. ನಮ್ಮ ಮಟ್ಟಿಗೆ ಆಡು, ಕುರಿಗೇ ನಿಲ್ಲುವುದು ಒಳ್ಳೆಯದು.

ಇನ್ನು ಖರೀದಿ. ಪಾಲಿಕೆಯ ಕಸಾಯಿಖಾನೆಗಳಲ್ಲಿ (ಮುಂಬಯಿಯವರಿಗೆ ದೇವನಾರ್, ದೆಹಲಿಯವರಿಗೆ ಗಾಜೀಪುರ) ಪಶುವೈದ್ಯರ ತಪಾಸಣೆಯಾದ ಮೇಲೆ ಇಡೀ ಮಾಂಸದ ಮೇಲೆ ಮುದ್ರೆ ಬೀಳುತ್ತದೆ. ಬಿಡಿಬಿಡಿಯಾಗಿ ಕೈಗೆ ಬರುವ ಲಿವರ್, ಬೋಟಿಯ ಮೇಲೆ ಆ ಮುದ್ರೆ ಕಾಣುವುದಿಲ್ಲ. ಹಾಗಾಗಿ ನಂಬಿಕೆ ಇಡಬೇಕಾದದ್ದು ಸಪ್ಲೈಯರ್ ಮೇಲೆ ಮತ್ತು ಅವನ ಬಿಲ್ ಮೇಲೆ. ಆಹಾರ ಉದ್ಯಮದವರ ಬಿಲ್ಲಿನಲ್ಲಿ 14 ಅಂಕಿಯ ಎಫ್ಎಸ್ಎಸ್ಎಐ ನಂಬರು 2022ರ ಜನವರಿಯಿಂದ ಕಡ್ಡಾಯವಾಗಿದೆ. ಚೀಟಿಯಲ್ಲಿ ಬರೆದುಕೊಟ್ಟ ಲೆಕ್ಕ ಸಾಲದು. ನಾಳೆ ಯಾರಿಗಾದರೂ ಹೊಟ್ಟೆ ಕೆಟ್ಟರೆ ಅಧಿಕಾರಿ ಮೊದಲು ಕೇಳುವುದು ಆ ಕಾಗದವನ್ನೇ.

ಒಳಾಂಗಗಳು ತೊಡೆ ಮಾಂಸಕ್ಕಿಂತ ಬೇಗ ಕೆಡುತ್ತವೆ. ತೇವ ಹೆಚ್ಚು, ಕೈಯಾಟ ಹೆಚ್ಚು, ಬೋಟಿಯಲ್ಲಂತೂ ಸಗಣಿಯ ಅಂಶವೇ ಇರುತ್ತದೆ. ಬೆಳಿಗ್ಗೆ ಕಡಿದದ್ದನ್ನು ಐಸ್ ಪೆಟ್ಟಿಗೆಯಲ್ಲಿ ತರಿಸಿ, ಬಂದ ಕೂಡಲೇ ಸ್ವಚ್ಛ ಮಾಡಿ 5 ಡಿಗ್ರಿಯ ಒಳಗಿಡಿ, ಅದೇ ದಿನ ಬೇಯಿಸಿ. ಬೋಟಿ ತೊಳೆಯುವ ಸಿಂಕಿನಲ್ಲಿ ತರಕಾರಿ ತೊಳೆಯಬಾರದು ಎಂದು ಬೇರೆ ಹೇಳಬೇಕಿಲ್ಲ, ಆದರೂ ಹೇಳುತ್ತಿದ್ದೇನೆ. ನಮ್ಮ ಎಷ್ಟೋ ಅಡುಗೆಮನೆಗಳಲ್ಲಿ ಸಿಂಕು ಇರುವುದೇ ಒಂದು. ಎರಡನೆಯದಕ್ಕೆ ಜಾಗವಿಲ್ಲದವರು ಈ ಪದಾರ್ಥಕ್ಕೆ ಕೈ ಹಾಕಬೇಡಿ, ಕಾಲು ಸೂಪ್ ಒಂದನ್ನೇ ಮಾಡಿ.

ಬೋಟಿ ಸ್ವಚ್ಛ ಮಾಡುವುದೇ ಅರ್ಧ ಅಡುಗೆ. ಮೇಕೆಯ ಹೊಟ್ಟೆಯಲ್ಲಿ ನಾಲ್ಕು ಕೋಣೆ. ದೊಡ್ಡದು ಒಳಗೆ ಟರ್ಕಿ ಟವೆಲಿನಂತೆ ಇರುತ್ತದೆ, ಇನ್ನೊಂದು ಜೇನುಗೂಡಿನಂತೆ, ಮೂರನೆಯದು ಪುಸ್ತಕದ ಹಾಳೆಗಳಂತೆ, ನಾಲ್ಕನೆಯದು ನುಣುಪು. ಹಾಳೆ ಹಾಳೆಯಾಗಿರುವ ಭಾಗದಲ್ಲಿಯೇ ಹೊಲಸು ಉಳಿಯುವುದು. ಪ್ರತಿ ಹಾಳೆ ಬಿಡಿಸಿ ತೊಳೆಯುವ ತಾಳ್ಮೆ ಇಲ್ಲದಿದ್ದರೆ ಅದನ್ನು ತೆಗೆದು ಎಸೆಯಿರಿ. ಎಲ್ಲವನ್ನೂ ಸೀಳಿ ಹರಿಯುವ ನೀರಿನಲ್ಲಿ ಮೂರು ನಾಲ್ಕು ಸಲ ತೊಳೆದ ಮೇಲೆ ಕಪ್ಪು ಸಿಪ್ಪೆ ತೆಗೆಯಬೇಕು. ನಾನು ಮೊದಲ ದಿನ ಅವಸರಕ್ಕೆ ಕುದಿಯುವ ನೀರಿಗೇ ಹಾಕಿಸಿದ್ದೆ. ಅಡುಗೆಯವರು ತಲೆ ಚಚ್ಚಿಕೊಂಡರು. “ಯಜಮಾನ್ರೇ, ಕುದಿಯೋ ನೀರಿಗೆ ಹಾಕ್ಬುಟ್ರೆ ಸಿಪ್ಪೆ ಕಚ್ಕಂಬುಡ್ತದೆ, ಆಮ್ಯಾಕೆ ದೇವ್ರು ಬಂದ್ರೂ ಬುಡಲ್ಲ” ಎಂದರು. ಅವರ ಮಾತು ನಿಜ. ಕೈ ಇಡಲಾಗದಷ್ಟು ಬಿಸಿ, ಆದರೆ ಕುದಿ ಬಂದಿರಬಾರದು. ಸುಮಾರು 65ರಿಂದ 70 ಡಿಗ್ರಿ. ಒಂದೆರಡು ನಿಮಿಷ ಅದ್ದಿ ತೆಗೆದು, ಮೊಂಡು ಚಾಕುವಿನಿಂದ ಹೆರೆದರೆ ಸಿಪ್ಪೆ ಕಂಬಳಿಯಂತೆ ಎದ್ದು ಬಿಳಿ ಬಣ್ಣ ಬರುತ್ತದೆ. ಹಳ್ಳಿಯಲ್ಲಿ ಇದಕ್ಕೆ ಸುಣ್ಣವನ್ನೂ ಬಳಸುತ್ತಾರೆ. ಹೋಟೆಲಿನಲ್ಲಿ ಅದು ಬೇಡ, ತೊಳೆಯುವುದು ಕಡಿಮೆಯಾದರೆ ಗಿರಾಕಿಯ ನಾಲಿಗೆ ಸುಡುತ್ತದೆ.

ಕರುಳನ್ನು ಗೇಣುದ್ದ ಕತ್ತರಿಸಿ, ಕಡ್ಡಿಯ ತುದಿಗೆ ಸಿಕ್ಕಿಸಿ ಒಳಗನ್ನು ಹೊರಗೆ ಮಾಡಿ ತೊಳೆಯಬೇಕು. ಆಮೇಲೆ ಕಲ್ಲುಪ್ಪು, ಅರಿಶಿನ ಹಾಕಿ ತಿಕ್ಕಿ, ಮತ್ತೆ ತೊಳೆದು, ಹತ್ತು ನಿಮಿಷ ಕುದಿಸಿ ಆ ನೀರನ್ನು ಚೆಲ್ಲಿಬಿಡಿ. ಮಸಾಲೆ ಎಷ್ಟೇ ಖಾರವಿದ್ದರೂ ಈ ಮೊದಲ ನೀರಿನ ವಾಸನೆಯನ್ನು ಮುಚ್ಚಲಾರದು. ಅನಂತರ ಹೊಸ ನೀರಿನಲ್ಲಿ ಕುಕ್ಕರಿಗೆ ಹಾಕಿ ಬೆರಳಿನಿಂದ ಒತ್ತಿದರೆ ಹರಿಯುವಷ್ಟು ಬೇಯಿಸಬೇಕು. ಬೆಂದದ್ದನ್ನೇ ಗೊಜ್ಜಿಗೂ ಫ್ರೈಗೂ ಬಳಸಬಹುದು.

ತಲೆ, ಕಾಲುಗಳಲ್ಲಿ ಮುಖ್ಯವಾದದ್ದು ಸುಡುವಿಕೆ. ಇದ್ದಿಲು, ಕಟ್ಟಿಗೆ ಅಥವಾ ಗ್ಯಾಸಿನ ಬೆಂಕಿಯಲ್ಲಿ ಕೂದಲು ಸುಟ್ಟು, ಚಾಕುವಿನಿಂದ ಕೆರೆದು, ಬ್ರಷ್ ಹಾಕಿ ತಿಕ್ಕಬೇಕು. ಟೈರಿನ ಉರಿಯಲ್ಲಿ ಸುಟ್ಟದ್ದಕ್ಕೆ ರಬ್ಬರಿನ ಕಮಟು ಇರುತ್ತದೆ, ಎಣ್ಣೆ ಮಸಿ ಕೈಗೆ ಅಂಟುತ್ತದೆ. ಆ ಹೊಗೆಯಲ್ಲಿರುವುದು ವಿಷ. ಅಂಥ ಸರಕನ್ನು ಬಾಗಿಲಿನಿಂದಲೇ ವಾಪಸ್ ಕಳುಹಿಸಿ. ಕಾಲಿನ ಗೊರಸನ್ನು ಕುದಿನೀರಿನಲ್ಲಿ ಅದ್ದಿ ಬಡಿದರೆ ಕಳಚಿ ಬರುತ್ತದೆ. ಪಾಯಾಕ್ಕೆ ಸಣ್ಣ ಉರಿಯಲ್ಲಿ ಐದಾರು ಗಂಟೆ ಕೊಡಿ. ಸೂಪ್ ಸರಿಯಾಗಿದೆಯೇ ಎಂದು ನೋಡಲು ಒಂದು ಬಟ್ಟಲು ಫ್ರಿಜ್ಜಿನಲ್ಲಿಟ್ಟರೆ ಸಾಕು. ತಣ್ಣಗಾದಾಗ ಜೆಲ್ಲಿಯಂತೆ ಗಟ್ಟಿಯಾಗಬೇಕು. ನೀರಾಗಿಯೇ ಉಳಿದರೆ ಕಾಲು ಕಡಿಮೆ, ನೀರು ಜಾಸ್ತಿ ಎಂದರ್ಥ.

ಮೆದುಳನ್ನು ತಣ್ಣೀರಿನಲ್ಲಿಟ್ಟು ಮೇಲಿನ ಪೊರೆ, ರಕ್ತನಾಳ ತೆಗೆದು, ಅರಿಶಿನ ಉಪ್ಪಿನ ನೀರಿನಲ್ಲಿ ಒಂದು ಕುದಿ ಕೊಟ್ಟು ಆರಿಸಿದರೆ ಗಟ್ಟಿಯಾಗಿ ಕತ್ತರಿಸಲು ಬರುತ್ತದೆ. ಗುರ್ದಾವನ್ನು ಸೀಳಿ ನಡುವಿನ ಬಿಳಿ ಭಾಗ ತೆಗೆಯದಿದ್ದರೆ ಮೂತ್ರದ ವಾಸನೆ ಹೋಗುವುದಿಲ್ಲ.

ಲಿವರ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಹೆಚ್ಚು ಮಾರಾಟವಾಗುವುದೂ ಹೆಚ್ಚು ಕೆಡುವುದೂ ಅದೇ. ಹೊಳಪಾಗಿ, ನಯವಾಗಿ, ಒತ್ತಿದರೆ ಪುಟಿಯುವಂತಿರಬೇಕು. ಹಸಿರು ಕಲೆ ಇದ್ದರೆ ಪಿತ್ತ ಒಡೆದಿದೆ ಎಂದು ತಿಳಿದು ಅಷ್ಟು ಭಾಗ ಕತ್ತರಿಸಿ ಬಿಸಾಡಿ, ಇಲ್ಲದಿದ್ದರೆ ಇಡೀ ತವಾ ಕಹಿಯಾಗುತ್ತದೆ. ಪೊರೆ ಸುಲಿದು, ಒಂದೇ ಗಾತ್ರದ ತುಂಡು ಮಾಡಿ, ಚೆನ್ನಾಗಿ ಕಾದ ತವಾದ ಮೇಲೆ ಸ್ವಲ್ಪ ಸ್ವಲ್ಪವೇ ಹಾಕಿ. ಹೊತ್ತು ಮೀರಿದರೆ ಮರಳಿನಂತೆ, ರಬ್ಬರಿನಂತೆ ಆಗುತ್ತದೆ. ಉಪ್ಪು ಕೊನೆಗೆ. ಹಾಗೆಂದು ಒಳಗೆ ಹಸಿ ಬಿಡುವಂತಿಲ್ಲ. ತುಂಡಿನ ನಡುಭಾಗ 75 ಡಿಗ್ರಿ ಮುಟ್ಟಬೇಕು. ಕೋಳಿ ಲಿವರಿನಲ್ಲಿ ಈ ಜಾಗ್ರತೆ ಇನ್ನೂ ಹೆಚ್ಚು ಬೇಕು, ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯ ಅದರ ಒಳಗೂ ಇರುತ್ತದೆ, ಮೇಲೆ ತೊಳೆದರೆ ಹೋಗುವುದಿಲ್ಲ. ಮುನ್ನೂರು ನಾನೂರು ರೂಪಾಯಿಯ ಚುಚ್ಚುವ ಥರ್ಮಾಮೀಟರ್ ಒಂದು ಇಟ್ಟುಕೊಂಡರೆ ವಾದವೇ ಬೇಡ.

ಈಗ ಬಹಳ ಮುಖ್ಯವಾದ ಮಾತು. ಕುರಿ ಮೇಕೆಯ ಲಿವರ್ ಅಥವಾ ಶ್ವಾಸಕೋಶ ಕತ್ತರಿಸುವಾಗ ಕೆಲವೊಮ್ಮೆ ತಿಳಿನೀರು ತುಂಬಿದ ಬಿಳಿ ಗುಳ್ಳೆ ಸಿಗುತ್ತದೆ, ಬಟಾಣಿಯಿಂದ ನಿಂಬೆಹಣ್ಣಿನ ಗಾತ್ರದವರೆಗೆ. ಹುಡುಗರು ಅದನ್ನು ‘ನೀರಗಂಟು’ ಎಂದು ಹಿಂಬಾಗಿಲಿನಿಂದ ಬೀದಿನಾಯಿಗೆ ಎಸೆಯುತ್ತಾರೆ. ನಾನೂ ವರ್ಷಗಟ್ಟಲೆ ನೋಡಿ ಸುಮ್ಮನಿದ್ದವನೇ. ಅದು ಹೈಡಾಟಿಡ್ ರೋಗದ ಗಂಟು. ಎಕಿನೊಕಾಕಸ್ ಎಂಬ ನಾಯಿಯ ಲಾಡಿಹುಳದ ಮರಿಗಳು ಅದರಲ್ಲಿರುತ್ತವೆ. ಹಸಿಯಾಗಿ ನಾಯಿ ತಿಂದರೆ ಅದರ ಕರುಳಿನಲ್ಲಿ ಹುಳ ಬೆಳೆದು, ಮೊಟ್ಟೆ ಮಲದಲ್ಲಿ ಹೊರಬೀಳುತ್ತದೆ. ನಾಯಿ ಮುಟ್ಟಿದ ಕೈಯಿಂದ, ಮಣ್ಣಿನಿಂದ, ತೊಳೆಯದ ಸೊಪ್ಪಿನಿಂದ ಆ ಮೊಟ್ಟೆ ಮಕ್ಕಳ ಹೊಟ್ಟೆ ಸೇರಿದರೆ, ವರ್ಷಗಳ ಮೇಲೆ ಅವರ ಲಿವರಿನಲ್ಲೇ ಅಂಥ ಗಂಟು ಕಾಣಿಸಿಕೊಳ್ಳುತ್ತದೆ, ಕೆಲವೊಮ್ಮೆ ಆಪರೇಷನ್ನೇ ಬೇಕಾಗುತ್ತದೆ. ಅಂದರೆ ತವಾದ ಮೇಲಿನ ತುಂಡಿಗಿಂತ ಹಿಂಬಾಗಿಲಿನಿಂದ ಎಸೆದ ತುಂಡು ಹೆಚ್ಚು ಅಪಾಯ. ಗುಳ್ಳೆ ಕಂಡರೆ ಒಡೆಯಬೇಡಿ. ಇಡೀ ಅಂಗವನ್ನು ಅರ್ಧ ಗಂಟೆಯಾದರೂ ಕುದಿಸಿ, ಮುಚ್ಚಳವಿರುವ ಡಬ್ಬಿಗೆ ಹಾಕಿ, ಚಾಕು, ಹಲಗೆ ಬಿಸಿನೀರಿನಲ್ಲಿ ತೊಳೆಯಿರಿ. ಪಿತ್ತನಾಳ ದಪ್ಪಗೆ ಬಿಳಿ ಪೈಪಿನಂತಿದ್ದು, ಎಲೆಯಾಕಾರದ ಚಪ್ಪಟೆ ಹುಳ ಕಂಡರೂ ಹೀಗೆಯೇ. ಸಪ್ಲೈಯರಿಗೆ ಫೋಟೋ ಕಳುಹಿಸಿದರೆ ಬದಲಿ ಕೊಡುತ್ತಾನೆ, ಕೊಡದವನನ್ನು ಬದಲಿಸಿ.

ಗಿರಾಕಿ ಕೇಳಿದರೆ ಹೇಳಲು ಮಾಣಿಗೆ ಮೂರು ಮಾತು ಕಲಿಸಿಡಿ. ಲಿವರಿನಲ್ಲಿ ಕಬ್ಬಿಣ, ಬಿ12 ಸಮೃದ್ಧ, ಆದರೆ ಎ ವಿಟಮಿನ್ ಅತಿಯಾಗಿರುವುದರಿಂದ ಬಸುರಿಯರು ವೈದ್ಯರನ್ನು ಕೇಳದೆ ತಿನ್ನಬಾರದು. ಯೂರಿಕ್ ಆ್ಯಸಿಡ್ ತೊಂದರೆಯವರಿಗೆ ಲಿವರ್, ಗುರ್ದಾ ಆಗದು. ಮೆದುಳಿನಲ್ಲಿ ನೂರು ಗ್ರಾಮಿಗೆ ಸಾವಿರ ಮಿಲಿಗ್ರಾಮಿಗೂ ಮೀರಿದ ಕೊಲೆಸ್ಟರಾಲ್. ಇನ್ನು ನೆತ್ತರಿನ ಪಲ್ಯ ಮಾಡುವವರು ಬೇರೆ ಬಾಣಲೆ, ಬೇರೆ ಸೌಟು ಇಡಲೇಬೇಕು. ಮುಸ್ಲಿಂ ಗಿರಾಕಿಗಳಿಗೆ ರಕ್ತ ನಿಷಿದ್ಧ. ಮಂಗಳೂರು ಕ್ರಿಶ್ಚಿಯನ್ನರ ಹಂದಿ ಒಳಾಂಗದ ಅಡುಗೆ ಮಾಡುವವರಿಗೂ ಇದೇ ಮಾತು.

ಕಡೆಗೆ ಲೆಕ್ಕ. ಒಳಾಂಗ ಅಗ್ಗ ಎಂದು ಎಲ್ಲರೂ ಹೇಳುತ್ತಾರೆ. ಒಂದು ಕಿಲೋ ಬೋಟಿ ತಂದಿರಿ, ಸ್ವಚ್ಛವಾದಾಗ 700 ಗ್ರಾಂ, ಬೆಂದಾಗ 450 ಗ್ರಾಂ ಉಳಿಯಿತು ಎಂದಿಟ್ಟುಕೊಳ್ಳಿ. ಪ್ಲೇಟಿಗೆ 150 ಗ್ರಾಂ ಹಾಕಿದರೆ ಮೂರೇ ಪ್ಲೇಟ್. ಹಸಿ ತೂಕ ಹಿಡಿದು ಆರೂವರೆ ಪ್ಲೇಟೆಂದು ದರ ಕಟ್ಟಿದವರಿಗೆ ಅರ್ಧಕ್ಕರ್ಧ ಹೋಯಿತು. ಮೇಲೆ ಒಬ್ಬ ಹುಡುಗನ ಒಂದೂವರೆ ಗಂಟೆಯ ಕೂಲಿ, ನೀರು, ಗ್ಯಾಸ್. ತಂದ ತೂಕ, ಸ್ವಚ್ಛವಾದ ತೂಕ, ಬೆಂದ ತೂಕ, ಈ ಮೂರನ್ನು ಒಂದು ತಿಂಗಳು ಪುಸ್ತಕದಲ್ಲಿ ಬರೆದು, ನಿಮ್ಮ ಅಡುಗೆಮನೆಯ ಲೆಕ್ಕವನ್ನು ನೀವೇ ಕಂಡುಕೊಳ್ಳಿ.

ನಮ್ಮಲ್ಲಿ ಈಗ ಅದು ‘ಮಟನ್ ವಜಡಿ, ಮೈಸೂರು ಶೈಲಿ’ ಎಂಬ ಹೆಸರಿನಲ್ಲಿ ಭಾನುವಾರ ಬೆಳಿಗ್ಗೆ ಮಾತ್ರ, ಇಡ್ಲಿ, ದೋಸೆಯ ಜೊತೆಗೆ ಇದೆ. ಹನ್ನೊಂದು ಗಂಟೆಗೆ ಮುಗಿಯುವಷ್ಟೇ ಮಾಡುತ್ತೇವೆ. ಉಳಿದದ್ದನ್ನು ಸಂಜೆಗೆ ಬಿಸಿ ಮಾಡಿ ಕೊಡುವ ಪದ್ಧತಿ ಇಟ್ಟುಕೊಂಡಿಲ್ಲ.