ಹೆಸರು ಒಂದೇ, ರಾಜರು ಬೇರೆ ಬೇರೆ



ಇತಿಹಾಸ ಅಂದ ಕೂಡಲೇ ನಮ್ಮಲ್ಲಿ ಬಹಳ ಜನರಿಗೆ ತಲೆ ತಿರುಗುತ್ತದೆ. ಇಸವಿಗಳು ಬಹಳ ಅನ್ನೋದು ಒಂದು ಕಾರಣ. ಇನ್ನೊಂದು ಕಾರಣ, ಒಂದೇ ಹೆಸರಿನ ರಾಜರು ಮತ್ತೆ ಮತ್ತೆ ಬರುತ್ತಾರೆ. ‘ಚಂದ್ರಗುಪ್ತ ಯಾರು?’ ಅಂದರೆ ಎಲ್ಲರೂ ಕೈ ಎತ್ತುತ್ತೇವೆ. ‘ಯಾವ ಚಂದ್ರಗುಪ್ತ?’ ಅಂದರೆ ಎತ್ತಿದ ಕೈಗಳು ಮೆಲ್ಲಗೆ ಇಳಿಯುತ್ತವೆ. ಆದ್ದರಿಂದ ಈ ಸಲದ ಗೋಡೆ ಪತ್ರಿಕೆಗೆ ಒಂದೇ ಹೆಸರಿನವರನ್ನು ಬೇರೆ ಬೇರೆಯಾಗಿ ಗುರುತಿಸುವುದು ಹೇಗೆ ಎಂಬ ವಿಷಯ ಆರಿಸಿಕೊಂಡಿದ್ದೇನೆ.

1. ಮೂವರು ಚಂದ್ರಗುಪ್ತರು

ಮೊದಲು ಬರುವವನು ಚಂದ್ರಗುಪ್ತ ಮೌರ್ಯ. ಇವನು ಕ್ರಿ.ಪೂ. 321ರ ಸುಮಾರಿಗೆ ಮಗಧದ ನಂದರನ್ನು ಸೋಲಿಸಿ ಮೌರ್ಯ ಸಾಮ್ರಾಜ್ಯ ಸ್ಥಾಪಿಸಿದನು. ಗ್ರೀಕರ ಸೆಲ್ಯೂಕಸ್‌ನೊಂದಿಗೆ ಒಪ್ಪಂದ ಮಾಡಿಕೊಂಡು ಅವನಿಗೆ 500 ಆನೆಗಳನ್ನು ಕೊಟ್ಟನು. ಗ್ರೀಕ್ ರಾಯಭಾರಿ ಮೆಗಾಸ್ತನೀಸ್ ಬಂದದ್ದು ಇವನ ಆಸ್ಥಾನಕ್ಕೆ. ಕೊನೆಗಾಲದಲ್ಲಿ ಭದ್ರಬಾಹು ಮುನಿಗಳ ಜೊತೆ ನಮ್ಮ ಶ್ರವಣಬೆಳಗೊಳಕ್ಕೆ ಬಂದು ಅಲ್ಲಿಯೇ ದೇಹ ಬಿಟ್ಟನೆಂದು ಜೈನ ಪರಂಪರೆ ಹೇಳುತ್ತದೆ. ಅಲ್ಲಿನ ಚಿಕ್ಕ ಬೆಟ್ಟಕ್ಕೆ ಚಂದ್ರಗಿರಿ ಎಂದು ಹೆಸರು.

ಎರಡನೆಯವನು ಗುಪ್ತ ವಂಶದ ಒಂದನೇ ಚಂದ್ರಗುಪ್ತ. ಲಿಚ್ಛವಿ ವಂಶದ ಕುಮಾರದೇವಿಯನ್ನು ಮದುವೆಯಾದವನು. ಕ್ರಿ.ಶ. 319-20ರಿಂದ ಎಣಿಸುವ ಗುಪ್ತ ಶಕೆ ಇವನ ಕಾಲದ್ದು.

ಮೂರನೆಯವನು ಅದೇ ಗುಪ್ತ ವಂಶದ ಎರಡನೇ ಚಂದ್ರಗುಪ್ತ. ಪಶ್ಚಿಮ ಭಾರತದ ಶಕರನ್ನು ಸೋಲಿಸಿದವನು ಇವನು. ವಿಕ್ರಮಾದಿತ್ಯ ಎಂಬ ಬಿರುದು ಇವನದು. ಚೀನಾದ ಯಾತ್ರಿಕ ಫಾಹಿಯಾನ್ ಬಂದದ್ದು ಇವನ ಕಾಲದಲ್ಲಿ.

ಮೌರ್ಯ ಚಂದ್ರಗುಪ್ತನಿಗೂ ಗುಪ್ತರ ಒಂದನೇ ಚಂದ್ರಗುಪ್ತನಿಗೂ ನಡುವೆ ಸುಮಾರು 640 ವರ್ಷ ಅಂತರ! ಅವರ ವಂಶ ಬೇರೆ, ಕಾಲ ಬೇರೆ. ಹೆಸರು ಮಾತ್ರ ಒಂದೇ.

2. ಮುತ್ಯಾನ ಹೆಸರು ಮೊಮ್ಮಗನಿಗೆ

ಒಂದೇ ವಂಶದಲ್ಲಿ ಒಂದೇ ಹೆಸರು ಯಾಕೆ ತಿರುಗಿ ಬರುತ್ತದೆ? ಇದಕ್ಕೆ ಉತ್ತರ ನಮ್ಮ ಮನೆಯಲ್ಲೇ ಇದೆ. ನಮ್ಮ ಕಡೆ ಮುತ್ಯಾನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿ ಇದೆ. ಮಾವನ ಹೆಸರು ಬಾಯಿಂದ ಹೇಳಬಾರದು ಅಂತ ಎಷ್ಟೋ ಮನೆಗಳಲ್ಲಿ ಅವ್ವ ತನ್ನ ಮಗನನ್ನ ‘ಅಪ್ಪಾ’ ಅಂತಲೇ ಕರೀತಾಳೆ.

ರಾಜರ ಮನೆತನಗಳಲ್ಲೂ ಇದು ಕಾಣುತ್ತದೆ. ಮೂರು ಉದಾಹರಣೆ ನೋಡಿರಿ.

ಅ) ಒಂದನೇ ಚಂದ್ರಗುಪ್ತನ ಮಗ ಸಮುದ್ರಗುಪ್ತ. ಅವನ ಮಗ ಎರಡನೇ ಚಂದ್ರಗುಪ್ತ.

ಆ) ಬಾದಾಮಿ ಚಾಲುಕ್ಯರ ಒಂದನೇ ಪುಲಕೇಶಿಯ ಮಗ ಕೀರ್ತಿವರ್ಮ. ಅವನ ಮಗ ಇಮ್ಮಡಿ ಪುಲಕೇಶಿ.

ಇ) ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ದತ್ತುಪುತ್ರ 10ನೇ ಚಾಮರಾಜ ಒಡೆಯರು. ಅವರ ಮಗ ನಾಲ್ವಡಿ ಕೃಷ್ಣರಾಜ ಒಡೆಯರು.

ಮೂರು ಕಡೆಯೂ ನಡುವೆ ಒಂದು ಬೇರೆ ಹೆಸರು, ಆಚೆ ಈಚೆ ಒಂದೇ ಹೆಸರು. ಈ ನಡುವಿನ ಹೆಸರನ್ನು ನೆನಪಿಟ್ಟರೆ ಮುತ್ಯಾ ಯಾರು, ಮೊಮ್ಮಗ ಯಾರು ಅಂತ ತಪ್ಪುವುದಿಲ್ಲ.

3. ಇಬ್ಬರು ಪುಲಕೇಶಿಗಳು

ಒಂದನೇ ಪುಲಕೇಶಿ ಬಾದಾಮಿಯ ಬೆಟ್ಟದ ಮೇಲೆ ಕೋಟೆ ಕಟ್ಟಿಸಿದನು. ಅಲ್ಲಿನ ಬಂಡೆಯ ಮೇಲೆ ಶಾಸನ ಇದೆ. ಅದರ ಕಾಲ ಶಕವರ್ಷ 465, ಅಂದರೆ ಕ್ರಿ.ಶ. 543. ತಮಾಷೆ ಏನೆಂದರೆ ಆ ಶಾಸನದಲ್ಲಿ ಅವನನ್ನು ಕರೆದಿರುವುದು ‘ವಲ್ಲಭೇಶ್ವರ’ ಎಂದು. ಅವನು ಅಶ್ವಮೇಧ ಯಾಗ ಮಾಡಿದ್ದನ್ನೂ ಅದು ಹೇಳುತ್ತದೆ.

ಮೊಮ್ಮಗ ಇಮ್ಮಡಿ ಪುಲಕೇಶಿ ಉತ್ತರದ ಹರ್ಷವರ್ಧನನನ್ನು ನರ್ಮದಾ ನದಿ ದಾಟಿ ಬರದಂತೆ ತಡೆದನು. ಇದನ್ನು ಕವಿ ರವಿಕೀರ್ತಿ ಐಹೊಳೆಯ ಮೇಗುತಿ ಜಿನಾಲಯದ ಶಾಸನದಲ್ಲಿ ಬರೆದಿದ್ದಾನೆ. ಅದರ ಕಾಲ ಕ್ರಿ.ಶ. 634-35. ಚೀನಾದ ಹ್ಯೂಯೆನ್‌ತ್ಸಾಂಗ್ ಇವನ ರಾಜ್ಯ ನೋಡಿ ಹೋದನು. ಕ್ರಿ.ಶ. 642ರಲ್ಲಿ ಪಲ್ಲವರ ನರಸಿಂಹವರ್ಮನು ಬಾದಾಮಿಯನ್ನು ಗೆದ್ದುಕೊಂಡನು.

ಹೀಗೆ ಕೋಟೆ ಮುತ್ಯಾನದು, ನರ್ಮದೆಯ ಗೆಲುವು ಮೊಮ್ಮಗನದು. ಬರೀ ‘ಪುಲಕೇಶಿ’ ಎಂದು ಬರೆದರೆ ಎರಡೂ ಒಬ್ಬನ ಖಾತೆಗೆ ಬೀಳುತ್ತವೆ.

4. ವಿಕ್ರಮಾದಿತ್ಯರ ಸಾಲು

ಎಲ್ಲಕ್ಕಿಂತ ಹೆಚ್ಚು ಗೊಂದಲ ಈ ಹೆಸರಿನಲ್ಲಿ. ಬೇತಾಳನನ್ನು ಹೆಗಲ ಮೇಲೆ ಹೊತ್ತ ವಿಕ್ರಮ ಕತೆಯ ರಾಜ. ಗುಪ್ತರ ಚಂದ್ರಗುಪ್ತನಿಗೆ ಅದು ಬಿರುದು. ಚಾಲುಕ್ಯರಲ್ಲಿ ಅದೇ ಹೆಸರು.

ಬಾದಾಮಿಯ ಒಂದನೇ ವಿಕ್ರಮಾದಿತ್ಯ ಇಮ್ಮಡಿ ಪುಲಕೇಶಿಯ ಮಗ. ತಂದೆಯ ಕಾಲದಲ್ಲಿ ಕಳೆದುಹೋದ ಬಾದಾಮಿಯನ್ನು ಪಲ್ಲವರಿಂದ ಬಿಡಿಸಿಕೊಂಡವನು ಇವನು.

ಎರಡನೇ ವಿಕ್ರಮಾದಿತ್ಯ 8ನೇ ಶತಮಾನದವನು. ಪಲ್ಲವರ ಕಂಚಿಯನ್ನು ಗೆದ್ದನು, ಆದರೆ ಊರನ್ನು ಹಾಳು ಮಾಡಲಿಲ್ಲ. ಅಲ್ಲಿನ ಕೈಲಾಸನಾಥ ಗುಡಿಯ ಸಂಪತ್ತನ್ನು ಗುಡಿಗೇ ಬಿಟ್ಟುಕೊಟ್ಟನು. ಆ ಗುಡಿಯಲ್ಲಿ ಇವನ ಕನ್ನಡ ಶಾಸನ ಇವತ್ತಿಗೂ ಇದೆ. ಆ ಗೆಲುವಿನ ನೆನಪಿಗೆ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ವಿರೂಪಾಕ್ಷ ಗುಡಿಯನ್ನು ಕಟ್ಟಿಸಿದಳು.

ಆರನೇ ವಿಕ್ರಮಾದಿತ್ಯ ಕಲ್ಯಾಣದ ಚಾಲುಕ್ಯ. 1076ರಿಂದ 1126ರವರೆಗೆ 50 ವರ್ಷ ಆಳಿದನು. ಬಿಲ್ಹಣ ಕವಿ ‘ವಿಕ್ರಮಾಂಕದೇವಚರಿತ’ ಬರೆದದ್ದು ಇವನ ಮೇಲೆ. ‘ಮಿತಾಕ್ಷರ’ ಬರೆದ ವಿಜ್ಞಾನೇಶ್ವರ ಇವನ ಕಾಲದವನು. ಇವನು ‘ಚಾಲುಕ್ಯ ವಿಕ್ರಮ ವರ್ಷ’ ಎಂಬ ಹೊಸ ಶಕೆ ಆರಂಭಿಸಿದನು. ಅದರ ಮೊದಲನೇ ವರ್ಷ 1076. ಆದ್ದರಿಂದ ಶಾಸನದಲ್ಲಿ ಬರೆದ ವಿಕ್ರಮ ವರ್ಷಕ್ಕೆ 1075 ಕೂಡಿಸಿದರೆ ಕ್ರಿ.ಶ. ಸಿಗುತ್ತದೆ.

ಎರಡನೆಯವನ ನಂತರ ಒಮ್ಮೆಗೇ ಆರನೆಯವನು ಹೇಗೆ ಬಂದ? ಬಾದಾಮಿ ಮತ್ತು ಕಲ್ಯಾಣದವರನ್ನು ಸೇರಿಸಿ ಒಂದೇ ಸಾಲಿನಲ್ಲಿ ಎಣಿಸುತ್ತಾರೆ. ನಡುವೆ ರಾಷ್ಟ್ರಕೂಟರು ಆಳುತ್ತಿದ್ದರು. ಆ ಕಾಲದ ಚಾಲುಕ್ಯ ವಂಶಾವಳಿಯಲ್ಲಿ ಮೂರನೆಯವನು, ನಾಲ್ಕನೆಯವನು ಬರುತ್ತಾರೆ. ನಾಲ್ಕನೆಯವನ ಮಗ ಇಮ್ಮಡಿ ತೈಲಪ 973ರಲ್ಲಿ ರಾಜ್ಯವನ್ನು ತಿರುಗಿ ಗಳಿಸಿದನು. ಐದನೆಯವನು 11ನೇ ಶತಮಾನದ ಆರಂಭದಲ್ಲಿ ಕಲ್ಯಾಣ ಚಾಲುಕ್ಯರ ಅರಸನಾಗಿದ್ದನು.

5. ಕವಿಗಳಲ್ಲೂ ಹೀಗೆ

ಪಂಪ ‘ವಿಕ್ರಮಾರ್ಜುನ ವಿಜಯ’ ಬರೆದನು. ಅದಕ್ಕೆ ಪಂಪ ಭಾರತ ಎನ್ನುತ್ತಾರೆ. ಹಾಗಾದರೆ ಪಂಪ ರಾಮಾಯಣವೂ ಅವನದೇ? ಅಲ್ಲ. ಅದು ಮುಂದೆ ಬಂದ ನಾಗಚಂದ್ರನದು. ಅವನು ತನ್ನನ್ನು ‘ಅಭಿನವ ಪಂಪ’ ಎಂದು ಕರೆದುಕೊಂಡನು.

ಹರಿಹರ ಇಬ್ಬರು, ಇಬ್ಬರಿಗೂ ಹಂಪೆಯ ನಂಟು. ರಗಳೆ ಬರೆದ ಕವಿ ಹರಿಹರ ಹಂಪೆಯ ವಿರೂಪಾಕ್ಷನ ಭಕ್ತ. 1336ರಲ್ಲಿ ವಿಜಯನಗರ ಸ್ಥಾಪಿಸಿದವನು ಬುಕ್ಕನ ಅಣ್ಣ ಹರಿಹರ. ಕವಿ ಮೊದಲು, ರಾಜ ಆಮೇಲೆ.

ತ್ರಿಪದಿಯ ಸರ್ವಜ್ಞ ನಮಗೆಲ್ಲ ಗೊತ್ತು. ಆರನೇ ವಿಕ್ರಮಾದಿತ್ಯನ ಮಗ ಮೂರನೇ ಸೋಮೇಶ್ವರನಿಗೂ ‘ಸರ್ವಜ್ಞ’ ಎಂಬ ಬಿರುದು ಇತ್ತು. ‘ಮಾನಸೋಲ್ಲಾಸ’ ಬರೆದವನು ಈ ರಾಜ.

6. ಒಂದನೇ, ಎರಡನೇ ಅಂತ ಹೆಸರಿಟ್ಟವರು ಯಾರು?

ಒಂದನೇ ಪುಲಕೇಶಿಗೆ ತಾನು ‘ಒಂದನೇ’ ಅಂತ ಗೊತ್ತೇ ಇರಲಿಲ್ಲ! ಮುಂದೆ ಅದೇ ಹೆಸರಿನ ಮೊಮ್ಮಗ ರಾಜನಾಗುತ್ತಾನೆ ಅಂತ ಅವನಿಗೆ ಹೇಗೆ ತಿಳಿಯಬೇಕು? ಈ ಅಂಕಿಗಳನ್ನು ನಂತರದ ಇತಿಹಾಸಕಾರರು ಶಾಸನಗಳನ್ನು ಹೋಲಿಸಿ ನೋಡಿ ಕೊಟ್ಟರು. ಕನ್ನಡದಲ್ಲಿ ಇದಕ್ಕೆ ಚೆಂದದ ಮಾತುಗಳಿವೆ: ಇಮ್ಮಡಿ ಅಂದರೆ ಎರಡನೇ, ಮುಮ್ಮಡಿ ಅಂದರೆ ಮೂರನೇ, ನಾಲ್ವಡಿ ಅಂದರೆ ನಾಲ್ಕನೇ. ಮುಮ್ಮಡಿ ಕೃಷ್ಣರಾಜ ಒಡೆಯರಿಗೆ 1799ರಲ್ಲಿ ಪಟ್ಟವಾಯಿತು. ಕನ್ನಂಬಾಡಿ ಕಟ್ಟೆ ಕಟ್ಟಿಸಿದವರು, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಸ್ಥಾಪಿಸಿದವರು ನಾಲ್ವಡಿಯವರು.

7. ಗುರುತಿಸಲು ನಾಲ್ಕು ಪ್ರಶ್ನೆಗಳು

ನಮ್ಮ ತರಗತಿಯಲ್ಲೇ ಒಂದೇ ಹೆಸರಿನವರು ಇಬ್ಬರಿದ್ದಾರೆ. ಹಾಜರಿ ಕರೆಯುವಾಗ ಗುರುಗಳು ತಂದೆಯ ಹೆಸರಿನ ಮೊದಲ ಅಕ್ಷರ ಸೇರಿಸಿ ಕರೆಯುತ್ತಾರೆ. ಊರಲ್ಲಿ ದೊಡ್ಡವರನ್ನು ‘ಗಿರಣಿಯವ’, ‘ಕೆರೆ ಮ್ಯಾಲಿನ ಮನಿಯವ’ ಅಂತ ಗುರುತು ಹಿಡಿಯುತ್ತಾರೆ. ರಾಜರಿಗೂ ಇದೇ ಉಪಾಯ ನಡೆಯುತ್ತದೆ. ಹೆಸರು ಕಂಡ ಕೂಡಲೇ ಹೀಗೆ ಕೇಳಿಕೊಳ್ಳಿರಿ:

(1) ಯಾವ ವಂಶ?
(2) ಯಾರ ಮಗ?
(3) ಯಾವ ಶತಮಾನ?
(4) ಮಾಡಿದ ಮುಖ್ಯ ಕೆಲಸ ಏನು?

ನಾಲ್ಕಕ್ಕೂ ಉತ್ತರ ಬಂದರೆ ಮನುಷ್ಯ ಸಿಕ್ಕ ಹಾಗೆ. ಹೆಸರೊಂದೇ ತಿಳಿದರೆ ಸಾಲದು.

ಇದು ಬರೀ ಪರೀಕ್ಷೆಯ ಅಂಕದ ಮಾತಲ್ಲ. ಮುತ್ಯಾ ಮತ್ತು ಮೊಮ್ಮಗನ ಹೆಸರು ಒಂದೇ ಇದ್ದು, ಹೊಲದ ಉತಾರದಲ್ಲಿ ತಂದೆಯ ಹೆಸರು ಬಿಟ್ಟುಹೋದರೆ ಏನಾಗುತ್ತದೆ? ಹೊಲ ಯಾರದು ಅಂತ ಅಣ್ಣ ತಮ್ಮಂದಿರಲ್ಲೇ ಜಗಳ ಹತ್ತುತ್ತದೆ. ಇತಿಹಾಸವೂ ಒಂದು ಉತಾರ ಇದ್ದ ಹಾಗೆ. ಒಬ್ಬರ ದುಡಿಮೆಯನ್ನು ಇನ್ನೊಬ್ಬರ ಹೆಸರಿಗೆ ಏರಿಸಬಾರದು. ಸತ್ತುಹೋದ ರಾಜರು ಎದ್ದು ಬಂದು ‘ಅದು ನಂದು’ ಅಂತ ಹೇಳಲಾರರು. ಅವರ ಪರವಾಗಿ ಸರಿಯಾಗಿ ಬರೆಯಬೇಕಾದವರು ನಾವೇ.

ಹೇಳಿ ನೋಡೋಣ

ಅ. ಕಂಚಿಯ ಗುಡಿಯಲ್ಲಿ ಕನ್ನಡ ಶಾಸನ ಬರೆಸಿದ ವಿಕ್ರಮಾದಿತ್ಯ ಎಷ್ಟನೆಯವನು?
ಆ. ಸಮುದ್ರಗುಪ್ತನ ತಂದೆಯ ಹೆಸರೇನು? ಮಗನ ಹೆಸರೇನು?
ಇ. ಪಂಪ ರಾಮಾಯಣ ಬರೆದ ಕವಿ ಯಾರು?
ಈ. ಒಂದು ಶಾಸನದಲ್ಲಿ ಚಾಲುಕ್ಯ ವಿಕ್ರಮ ವರ್ಷ 33 ಎಂದಿದೆ. ಕ್ರಿ.ಶ. ಎಷ್ಟು?

ಉತ್ತರಗಳು: ಅ. ಎರಡನೆಯವನು. ಆ. ಎರಡೂ ಚಂದ್ರಗುಪ್ತ! ಇ. ನಾಗಚಂದ್ರ. ಈ. 1108.

ಸಂಗ್ರಹಿಸಿ ಬರೆದವರು: 7ನೇ ತರಗತಿಯ ವಿದ್ಯಾರ್ಥಿ