ವರದಿಯ ಅಂಕಿಗೂ ಒಂದು ಪರೀಕ್ಷೆ ಉಂಟು

ನಿಮ್ಮ ಮನೆಯಲ್ಲೂ ರಕ್ತಪರೀಕ್ಷೆಯ ವರದಿಗಳ ಕಟ್ಟೊಂದು ಇರಬಹುದು. ಅದರಿಂದ ‘ಲಿಪಿಡ್ ಪ್ರೊಫೈಲ್’ ಹಾಳೆಯನ್ನು ತೆಗೆದು ನೋಡಿ. ಎಲ್‌ಡಿಎಲ್, ಅಂದರೆ ‘ಕೆಟ್ಟ ಕೊಲೆಸ್ಟರಾಲ್’ನ ಅಂಕಿಯನ್ನು ಅನೇಕ ಲ್ಯಾಬ್‌ಗಳು ಅಳೆದಿರುವುದಿಲ್ಲ, ಲೆಕ್ಕ ಹಾಕಿರುತ್ತವೆ. ಹಾಗೆಂದು ಗಾಬರಿ ಬೇಡ. ಆ ಲೆಕ್ಕವೂ ಒಂದು ಪರೀಕ್ಷೆಯಲ್ಲಿ ಪಾಸಾಗಿ ಬಂದದ್ದೇ.

ಹಿಂದೆ ಎಲ್‌ಡಿಎಲ್ ಅಳೆಯಲು ರಕ್ತದ್ರವವನ್ನು ಅತಿ ವೇಗವಾಗಿ ತಿರುಗಿಸುವ ದುಬಾರಿ ಯಂತ್ರ ಬೇಕಿತ್ತು. ಅಮೆರಿಕದ ಫ್ರೀಡ್‌ವಾಲ್ಡ್, ಲೆವಿ ಮತ್ತು ಫ್ರೆಡ್ರಿಕ್‌ಸನ್ ಎಂಬ ವೈದ್ಯರು ಸುಲಭ ಸೂತ್ರವೊಂದನ್ನು ಕಂಡುಕೊಂಡು, 1972ರಲ್ಲಿ ‘ಕ್ಲಿನಿಕಲ್ ಕೆಮಿಸ್ಟ್ರಿ’ ಎಂಬ ವೈಜ್ಞಾನಿಕ ಪತ್ರಿಕೆಯಲ್ಲಿ ಪ್ರಕಟಿಸಿದರು. ಒಟ್ಟು ಕೊಲೆಸ್ಟರಾಲ್‌ನಿಂದ ಎಚ್‌ಡಿಎಲ್ ಕಳೆಯಿರಿ. ಟ್ರೈಗ್ಲಿಸರೈಡ್‌ನ ಐದನೇ ಒಂದು ಭಾಗವನ್ನೂ ಕಳೆಯಿರಿ. ಒಟ್ಟು 220, ಎಚ್‌ಡಿಎಲ್ 40, ಟ್ರೈಗ್ಲಿಸರೈಡ್ 150 ಇದ್ದರೆ ಎಲ್‌ಡಿಎಲ್ 150.

ಇಂಥ ಪತ್ರಿಕೆಗೆ ಲೇಖನ ಕಳುಹಿಸಿದ ಕೂಡಲೇ ಅದು ಅಚ್ಚಾಗುವುದಿಲ್ಲ. ಸಂಪಾದಕರು ಅದನ್ನು ಅದೇ ವಿಷಯ ಬಲ್ಲ ಬೇರೆ ತಜ್ಞರಿಗೆ ತೋರಿಸುತ್ತಾರೆ. ಎಷ್ಟು ಜನರ ರಕ್ತ ಪರೀಕ್ಷಿಸಿದಿರಿ? ರಕ್ತ ಕೊಟ್ಟವರ ಒಪ್ಪಿಗೆ ಪಡೆದಿರಾ? ಯಾವ ನಂಬಿಕಸ್ಥ ವಿಧಾನದೊಂದಿಗೆ ಹೋಲಿಸಿದಿರಿ? ಎಲ್ಲಕ್ಕಿಂತ ಮುಖ್ಯವಾಗಿ, ನಿಮ್ಮ ವಿಧಾನ ಎಲ್ಲಿ ಕೈಕೊಡುತ್ತದೆ? ಇವಕ್ಕೆಲ್ಲ ಉತ್ತರ ಕೊಡಬೇಕು. ಫ್ರೀಡ್‌ವಾಲ್ಡ್ ತಂಡ 448 ಜನರ ರಕ್ತದಲ್ಲಿ ತನ್ನ ಲೆಕ್ಕವನ್ನು ಯಂತ್ರದ ಅಳತೆಯೊಂದಿಗೆ ಹೋಲಿಸಿತ್ತು. ಟ್ರೈಗ್ಲಿಸರೈಡ್ 400 ದಾಟಿದರೆ ಸೂತ್ರ ಸಲ್ಲದು ಎಂದೂ ಹೇಳಿತ್ತು.

ಈ ಕೊನೆಯ ಮಾತನ್ನು ಮರೆತರೆ ಏನಾಗುತ್ತದೆ? ಸಕ್ಕರೆ ಕಾಯಿಲೆಯ ನನ್ನ ರೋಗಿಯೊಬ್ಬರು ಒಮ್ಮೆ ವರದಿ ಹಿಡಿದು ನಗುತ್ತ ಬಂದರು. ‘ಡಾಕ್ಟ್ರೇ, ಎಲ್‌ಡಿಎಲ್ 78ಕ್ಕೆ ಇಳಿದಿದೆ, ಮಾತ್ರೆ ನಿಲ್ಲಿಸಲೇ?’ ಅವರ ಟ್ರೈಗ್ಲಿಸರೈಡ್ 480 ಇತ್ತು! ಹೀಗಿದ್ದಾಗ ಸೂತ್ರ ಹೆಚ್ಚು ಕಳೆದುಬಿಡುತ್ತದೆ. ಎಲ್‌ಡಿಎಲ್ ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ನೇರವಾಗಿ ಅಳೆಸಿದಾಗ 112 ಬಂತು. ಮಾತ್ರೆ ನಿಲ್ಲಿಸಿದ್ದರೆ ಹೃದಯಕ್ಕೆ ಅಪಾಯ ತಂದುಕೊಳ್ಳುತ್ತಿದ್ದರು.

ಸಂಶೋಧನೆ ಅಲ್ಲಿಗೇ ನಿಂತಿಲ್ಲ. 2013ರಲ್ಲಿ ಜಾನ್ಸ್ ಹಾಪ್ಕಿನ್ಸ್ ಸಂಶೋಧಕರು 13 ಲಕ್ಷಕ್ಕೂ ಹೆಚ್ಚು ಜನರ ವರದಿಗಳನ್ನು ಆಧರಿಸಿ, ‘ಐದನೇ ಒಂದು’ ಎಂಬ ಒಂದೇ ಅಳತೆಯ ಬದಲು ಅವರವರ ರಕ್ತಕ್ಕೆ ತಕ್ಕಂತೆ ಬದಲಾಗುವ ಲೆಕ್ಕವನ್ನು ಪ್ರಕಟಿಸಿದರು. ಕೆಲವು ಲ್ಯಾಬ್‌ಗಳು ಈಗ ಅದನ್ನು ಬಳಸುತ್ತವೆ.

ನೀವು ಮಾಡಬೇಕಾದದ್ದು ಇಷ್ಟು:

* ಊಟ ಮಾಡಿದ್ದೀರೋ, ಖಾಲಿ ಹೊಟ್ಟೆಯೋ ಎಂಬುದನ್ನು ರಕ್ತ ಕೊಡುವಾಗಲೇ ತಿಳಿಸಿ. ಊಟದ ನಂತರ ಟ್ರೈಗ್ಲಿಸರೈಡ್ ಏರುತ್ತದೆ.

* ಎಲ್‌ಡಿಎಲ್ ಅಳೆದದ್ದೋ, ಲೆಕ್ಕ ಹಾಕಿದ್ದೋ ಎಂದು ಲ್ಯಾಬಿನವರನ್ನು ಕೇಳಿ. ಹಾಗೆ ಕೇಳಲು ಸಂಕೋಚ ಬೇಡ.

* ಟ್ರೈಗ್ಲಿಸರೈಡ್ 400 ಮೀರಿದ್ದರೆ ಎಲ್‌ಡಿಎಲ್ ನೇರವಾಗಿ ಅಳೆಸುವ ಬಗ್ಗೆ ವೈದ್ಯರೊಡನೆ ಮಾತನಾಡಿ.

* ಒಂದು ಅಂಕಿ ಇಳಿಯಿತೆಂದು ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ.

ತನ್ನ ಮಿತಿಯನ್ನು ತಾನೇ ಹೇಳಿಕೊಳ್ಳುವ ಸಂಶೋಧನೆ ನಂಬಿಕೆಗೆ ಅರ್ಹ. ಆ ಮಿತಿಯನ್ನು ನೆನಪಿಡುವುದು ನಮ್ಮ, ನಿಮ್ಮ ಹೊಣೆ.