ದಾಟುವ ಮೊದಲು ಮರಳುವ ದಾರಿ ಬರೆದಿಡು

ಇನ್‌ಫ್ರಾ ತಂಡಕ್ಕೆ ಸೇರಿದೆ, ಆನ್‌ಕಾಲ್ ಸರದಿಯೂ ಬಂತು ಅಂತ ಹೇಳಿದೆ. ಸಂತೋಷ ಕಣಮ್ಮಾ. ಎರಡು ಊರಲ್ಲಿ ಡೇಟಾ ಸೆಂಟರ್, ನಡುವೆ ರೆಪ್ಲಿಕೇಶನ್, ಒಂದು ಬಿದ್ದರೆ ಇನ್ನೊಂದಿದೆ ಅನ್ನುವ ಧೈರ್ಯ ನಿನ್ನ ಮಾತಿನಲ್ಲಿತ್ತು. ಧೈರ್ಯ ಇರಲಿ. ಜೊತೆಗೆ, ಇದೇ ಕೆಲಸದಲ್ಲಿ ತಲೆ ನರೆತವನ ನಾಲ್ಕು ಮಾತೂ ಇರಲಿ.

ಮೈಗ್ರೇಶನ್ ಬೇರೆ, ಫೇಲ್‌ಓವರ್ ಬೇರೆ. ಕನ್ಸೋಲಿನಲ್ಲಿ ಎರಡೂ ಅಕ್ಕಪಕ್ಕ ಕಾಣಿಸುತ್ತವೆ ಅಂತ ಒಂದೇ ಅಂದುಕೊಳ್ಳಬೇಡ. ಲೈವ್ ಮೈಗ್ರೇಶನ್‌ನಲ್ಲಿ ಎರಡೂ ಕಡೆ ಜೀವಂತ. ವಿಎಂ ಓಡುತ್ತಿರುವಾಗಲೇ ಅದರ ಮೆಮೊರಿ ಆಚೆಗೆ ಕಾಪಿ ಆಗುತ್ತದೆ, ಅಷ್ಟರಲ್ಲಿ ಬದಲಾದ ಪೇಜುಗಳು ಮತ್ತೆ ಕಾಪಿ ಆಗುತ್ತವೆ, ಕೊನೆಯ ಚೂರಿಗಾಗಿ ಕ್ಷಣಕಾಲ ನಿಂತು ಆಚೆ ಕಡೆ ಏಳುತ್ತದೆ. ನಡುವೆ ಎಡವಟ್ಟಾದರೆ ರದ್ದು ಮಾಡಿದರಾಯಿತು, ಹಳೆಯದು ಇದ್ದಲ್ಲೇ ಇರುತ್ತದೆ. ಹಾಗಂತ ಲೆಕ್ಕ ಹಾಕದೆ ಕೈ ಹಾಕಬೇಡ. 64 ಜಿಬಿ ಮೆಮೊರಿಯ ವಿಎಂ 1 ಜಿಬಿಪಿಎಸ್ ಲಿಂಕಿನಲ್ಲಿ ದಾಟಲು, ಲಿಂಕು ಪೂರ್ತಿ ನಿನ್ನದೇ ಆದರೂ, ಎಂಟೂವರೆ ನಿಮಿಷ ಬೇಕು. ಒಳಗಿನ ಡೇಟಾಬೇಸ್ ಅದಕ್ಕಿಂತ ವೇಗವಾಗಿ ಮೆಮೊರಿ ಬದಲಿಸುತ್ತಿದ್ದರೆ ಆ ಕಾಪಿ ಮುಗಿಯುವುದೇ ಇಲ್ಲ. ಅಂಥದ್ದಕ್ಕೆ ಹೊರೆ ಕಡಿಮೆ ಇರುವ ಹೊತ್ತು ನೋಡಿಕೋ.

ಫೇಲ್‌ಓವರ್ ಅಂದರೆ ಒಂದು ಕಡೆ ಸತ್ತಿದೆ ಅಂತ ತೀರ್ಪು ಕೊಟ್ಟ ಹಾಗೆ. ಅದು ಸಾಯದೆ, ಬರೀ ಲಿಂಕು ಕಡಿದಿದ್ದರೆ? 2018ರ ಅಕ್ಟೋಬರ್ 21ರಂದು ಗಿಟ್‌ಹಬ್‌ನಲ್ಲಿ ಆಗಿದ್ದು ಅದೇ. ಅಮೆರಿಕದ ಪೂರ್ವ ಕರಾವಳಿಯಲ್ಲಿ ಕೆಡುತ್ತಿದ್ದ ಆಪ್ಟಿಕಲ್ ಉಪಕರಣವೊಂದನ್ನು ಬದಲಿಸುವಾಗ 43 ಸೆಕೆಂಡ್ ಸಂಪರ್ಕ ತಪ್ಪಿತು. ಅಷ್ಟರಲ್ಲೇ ಫೇಲ್‌ಓವರ್ ನೋಡಿಕೊಳ್ಳುವ ಸಾಫ್ಟ್‌ವೇರ್ ಡೇಟಾಬೇಸ್‌ಗಳ ಪ್ರೈಮರಿಯನ್ನು ಪಶ್ಚಿಮ ಕರಾವಳಿಗೆ ಒಯ್ದುಬಿಟ್ಟಿತು. ಪೂರ್ವದಲ್ಲಿ ಬರೆದ ಕೆಲವು ಸೆಕೆಂಡಿನ ಡೇಟಾ ಪಶ್ಚಿಮಕ್ಕೆ ತಲುಪಿರಲಿಲ್ಲ, ಪಶ್ಚಿಮದಲ್ಲಿ ಹೊಸದು ಸೇರುತ್ತಾ ಹೋಯಿತು. ಎರಡರಲ್ಲಿ ಯಾವುದನ್ನೂ ಬಿಸಾಡುವ ಹಾಗಿಲ್ಲ. ಎಲ್ಲ ಸರಿಹೋಗಲು 24 ಗಂಟೆ 11 ನಿಮಿಷ ಬೇಕಾಯಿತು. ನಮ್ಮವರು ಸ್ಪ್ಲಿಟ್ ಬ್ರೈನ್ ಅಂತ ಹೆದರುವುದು ಇಂಥದ್ದಕ್ಕೇ.

ಅದಕ್ಕೇ ಹೇಳುವುದು, ಎರಡು ಸೈಟು ಒಂದನ್ನೊಂದು ನೋಡಿಕೊಂಡು ತೀರ್ಮಾನ ಮಾಡುವ ಹಾಗೆ ಬಿಡಬೇಡ. ಮೂರನೇ ಜಾಗದಲ್ಲೊಂದು ವಿಟ್‌ನೆಸ್ ಇಡಿಸು. ಆಚೆ ಕಡೆ ಎಬ್ಬಿಸುವ ಮುಂಚೆ ಈಚೆ ಕಡೆಯದು ಬರೆಯದಂತೆ ಕಟ್ಟಿಹಾಕುವ ಏರ್ಪಾಡು, ಅಂದರೆ ಫೆನ್ಸಿಂಗ್, ಇದೆಯೇ ನೋಡು. ಆಟೊಮ್ಯಾಟಿಕ್ ಫೇಲ್‌ಓವರ್ ಒಂದೇ ಕಟ್ಟಡದೊಳಗೆ ಒಳ್ಳೆಯದು. ಊರು ದಾಟಿಸುವ ತೀರ್ಮಾನವನ್ನು ಮಾತ್ರ ಹೆಸರಿಟ್ಟ ಒಬ್ಬ ಮನುಷ್ಯನೇ ಮಾಡಲಿ, ಅವರು ಸಿಗದಿದ್ದರೆ ಯಾರು ಅನ್ನುವುದೂ ಬರೆದಿರಲಿ.

ದೂರದ ಲೆಕ್ಕವನ್ನೂ ಮರೆಯಬೇಡ. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. ಬೆಂಗಳೂರಿಂದ ಚೆನ್ನೈಗೆ 350 ಕಿ.ಮೀ. ಕೇಬಲ್ ಅಂತಿಟ್ಟುಕೊಂಡರೆ ಹೋಗಿಬರಲು ಮೂರೂವರೆ ಮಿಲಿಸೆಕೆಂಡ್. ಸಿಂಕ್ರೊನಸ್ ರೆಪ್ಲಿಕೇಶನ್ ಇಟ್ಟರೆ ಪ್ರತಿ ರೈಟೂ ಕಡೇ ಪಕ್ಷ ಅಷ್ಟು ಕಾಯುತ್ತದೆ. ಅಸಿಂಕ್ರೊನಸ್ ಇಟ್ಟರೆ ಕಾಯುವುದು ತಪ್ಪುತ್ತದೆ, ಬಿದ್ದ ಗಳಿಗೆಯಲ್ಲಿ ದಾರಿಯಲ್ಲಿದ್ದ ಡೇಟಾ ಮಾತ್ರ ಹೋಯಿತೆಂದೇ ಲೆಕ್ಕ. ಎಷ್ಟು ನಿಮಿಷದ ಡೇಟಾ ಹೋದರೆ ತಡೆದುಕೊಳ್ಳಬಹುದು ಅನ್ನುವುದು ವ್ಯವಹಾರ ನಡೆಸುವವರ ತೀರ್ಮಾನ. ಅವರಿಂದ ಬರವಣಿಗೆಯಲ್ಲೇ ತೆಗೆದುಕೋ. ಇನ್ನೊಂದು ಮಾತು, ರೆಪ್ಲಿಕೇಶನ್ ಬ್ಯಾಕಪ್ ಆಗುವುದಿಲ್ಲ. ಇಲ್ಲಿ ಯಾರೋ ಟೇಬಲ್ ಅಳಿಸಿದರೆ ಅಲ್ಲೂ ಅಳಿಸಿಹೋಗುತ್ತದೆ.

ಎಲ್ಲಕ್ಕಿಂತ ದೊಡ್ಡದು ಅಭ್ಯಾಸ. 2021ರ ಫೆಬ್ರವರಿ 24ರಂದು ಟೆಲಿಕಾಂ ಲಿಂಕಿನ ತೊಂದರೆಯಿಂದ ಶೇರುಪೇಟೆ ಎನ್‌ಎಸ್‌ಇಯ ವಹಿವಾಟು ಸುಮಾರು ನಾಲ್ಕು ಗಂಟೆ ನಿಂತಿತು. ಡಿಆರ್, ಅಂದರೆ ಡಿಸಾಸ್ಟರ್ ರಿಕವರಿ, ಸೈಟ್ ಇದ್ದೂ ಅಲ್ಲಿಗೆ ದಾಟಲಿಲ್ಲ. ಮುಂದಿನ ತಿಂಗಳೇ ಮಾರುಕಟ್ಟೆ ನಿಯಂತ್ರಕ ಸೆಬಿ ನಿಯಮ ಬಿಗಿ ಮಾಡಿತು: ಮುಖ್ಯ ವ್ಯವಸ್ಥೆ ಕೈಕೊಟ್ಟ 30 ನಿಮಿಷದೊಳಗೆ ಡಿಸಾಸ್ಟರ್ ಅಂತ ಘೋಷಿಸಬೇಕು, ಅಲ್ಲಿಂದ 45 ನಿಮಿಷದೊಳಗೆ ಡಿಆರ್‌ನಿಂದ ಕೆಲಸ ನಡೆಯಬೇಕು. 2024ರ ಮಾರ್ಚ್ 2, ಶನಿವಾರ, ಎನ್‌ಎಸ್‌ಇಯವರು ನಿಜವಾದ ವಹಿವಾಟನ್ನೇ ಮುಖ್ಯ ಸೈಟಿನಲ್ಲಿ ಶುರುಮಾಡಿ, ನಡುವೆ ನಿಲ್ಲಿಸಿ, ಡಿಆರ್‌ನಿಂದ ನಡೆಸಿ ತೋರಿಸಿದರು. ಡ್ರಿಲ್ ಅಂದರೆ ಹಾಗಿರಬೇಕು. ಮಲೆನಾಡಿನವರು ಮಳೆ ಹಿಡಿಯುವ ಮುಂಚೆಯೇ ಹೆಂಚು ಕೈಯಾಡಿಸುತ್ತಾರೆ, ಸುರಿಯುವಾಗ ಮಾಡು ಹತ್ತುವುದಿಲ್ಲ.

ಡ್ರಿಲ್ ಮಾಡಿದರೆ ಏನೇನು ಹೊರಬೀಳುತ್ತದೆ ನೋಡು. ರನ್‌ಬುಕ್ ಇಟ್ಟಿದ್ದು ಬಿದ್ದುಹೋದ ಸೈಟಿನ ಫೈಲ್ ಸರ್ವರ್‌ನಲ್ಲಿ. ಪಾಸ್‌ವರ್ಡ್ ವಾಲ್ಟೂ ಅಲ್ಲೇ. ಆಚೆ ಕಡೆಯ ಸರ್ಟಿಫಿಕೇಟ್ ಅವಧಿ ಮುಗಿದಿದೆ, ಕಳೆದ ತಿಂಗಳು ಸೇರಿಸಿದ ಫೈರ್‌ವಾಲ್ ರೂಲ್ ಅಲ್ಲಿಲ್ಲ. ಎಲ್ಲ ವಿಎಂ ಒಟ್ಟಿಗೆ ಎಬ್ಬಿಸಿದ್ದಕ್ಕೆ ಅಪ್ಲಿಕೇಶನ್ ಮೊದಲೆದ್ದು ಡೇಟಾಬೇಸ್ ಸಿಗದೆ ಕೂತಿದೆ. ಮೊದಲು ಡಿಎನ್‌ಎಸ್, ಲಾಗಿನ್, ಸಮಯದ ಸರ್ವರ್, ಆಮೇಲೆ ಡೇಟಾಬೇಸ್, ಆಮೇಲೆ ಉಳಿದದ್ದು. ಈ ಕ್ರಮದ ಒಂದು ಪ್ರತಿಯನ್ನು ಕಾಗದದ ಮೇಲೂ ಇಟ್ಟುಕೋ.

ಕೊನೆಗೆ ಫೇಲ್‌ಬ್ಯಾಕ್. ದಾಟಿದವರೆಲ್ಲ ಗೆದ್ದೆವೆಂದು ಮನೆಗೆ ಹೋಗುತ್ತಾರೆ, ಮರಳುವ ಯೋಜನೆ ಯಾರ ಬಳಿಯೂ ಇರುವುದಿಲ್ಲ. ಆಚೆ ಕಡೆ ಸೇರಿದ ಹೊಸ ಡೇಟಾ ಹಿಂದಕ್ಕೆ ಹರಿದು ಎರಡೂ ಸಮ ಆದಮೇಲೇ, ಹಗಲಿನಲ್ಲಿ, ಎಲ್ಲರೂ ಎಚ್ಚರವಿರುವಾಗ ವಾಪಸ್ ತರಬೇಕು. ಹಾಗಾಗಿ ಸೋಮವಾರ ಆಫೀಸಿಗೆ ಹೋದವಳೇ ನಿನ್ನ ಮ್ಯಾನೇಜರನ್ನು ಎರಡು ಪ್ರಶ್ನೆ ಕೇಳು: ಕಳೆದ ಸಲ ಡಿಆರ್‌ನಿಂದ ಒಂದಿಡೀ ದಿನ ಕೆಲಸ ನಡೆಸಿದ್ದು ಯಾವಾಗ, ಅಲ್ಲಿಂದ ವಾಪಸ್ ಬಂದದ್ದು ಹೇಗೆ? ಉತ್ತರ ಸಿಗದಿದ್ದರೆ ಡ್ರಿಲ್‌ಗೆ ತಾರೀಕು ನೀನೇ ಹಾಕಿಸು.